ಹಗೇವಿನಿಂದ ಉಗ್ರಾಣದವರೆಗೆ

ತೊಗರಿಬೇಳೆಯ ಬೆಲೆ ಏರಿತೆಂಬ ಸುದ್ದಿ ಬಂದ ದಿನ ಗೃಹಸ್ಥರ ಮನೆಯಲ್ಲಿ ಹುಟ್ಟುವ ಮೊದಲನೆಯ ಮಾತು ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. “ಇನ್ನೂ ಏರುವುದಕ್ಕೆ ಮುಂಚೆ ಹತ್ತು ಕಿಲೋ ತಂದಿಟ್ಟುಬಿಡೋಣ” ಎಂಬುದೇ ಆ ಮಾತು. ಕರೋಲ್‌ಬಾಗಿನ ಹಳೆಯ ಮನೆಯಲ್ಲಿಯೂ, ನೋಯ್ಡಾದ ಹದಿನೈದನೆಯ ಅಂತಸ್ತಿನಲ್ಲಿಯೂ, ಗುರುಗ್ರಾಮ, ಗಾಜಿಯಾಬಾದುಗಳ ಬಾಡಿಗೆ ಮನೆಗಳಲ್ಲಿಯೂ ನಾವು ದೆಹಲಿಯ ಕನ್ನಡಿಗರು ಈ ಮಾತನ್ನು ಆಡಿದ್ದೇವೆ, ಕೇಳಿದ್ದೇವೆ. ಅದೇ ದಿನ ಪತ್ರಿಕೆಯಲ್ಲಿ ‘ಕಳ್ಳದಾಸ್ತಾನು ಮಾಡುವವರನ್ನು ಹಿಡಿಯಬೇಕು’ ಎಂಬ ಬರೆಹವನ್ನು ಓದಿ ತಲೆದೂಗಿದ್ದೇವೆ. ಹತ್ತು ಕಿಲೋ ತಂದಿಟ್ಟರೆ ಅದು ದೂರದೃಷ್ಟಿ; ಹತ್ತು ಸಾವಿರ ಮೂಟೆ ಇಟ್ಟರೆ ಅದು ಅಪರಾಧ. ಇವೆರಡರ ನಡುವೆ ಗೆರೆ ಎಲ್ಲಿ ಬೀಳುತ್ತದೆ? ಕೂಡಿಡುವುದು ಎಷ್ಟರವರೆಗೆ ಸಂಸಾರದ ಧರ್ಮ, ಎಲ್ಲಿಂದ ಮುಂದೆ ನೆರೆಯವನ ಹೊಟ್ಟೆಗೆ ಕೊಡುವ ಪೆಟ್ಟು? ಈ ಪ್ರಶ್ನೆ ಹೊಸದಲ್ಲ. ನಮ್ಮ ಹಿರಿಯರು ಇದನ್ನು ನೂರಾರು ವರ್ಷ ಎದುರಿಸಿದರು. ನಾವು ಬಂದು ನೆಲೆಸಿರುವ ಈ ದೆಹಲಿಯೂ ಎದುರಿಸಿತು. ಆ ಕಥೆಯನ್ನು ರಾಜ್ಯೋತ್ಸವದ ಈ ಸಂದರ್ಭದಲ್ಲಿ ಸಂಗ್ರಹವಾಗಿ ನೆನೆಯುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ನೆಲದೊಳಗಿನ ಭಂಡಾರ

ಕನ್ನಡ ನಾಡಿನಲ್ಲಿ ಕಾಳನ್ನು ಕೂಡಿಡುವ ಪಾತ್ರೆಗಳ ಹೆಸರನ್ನು ಎಣಿಸಿದರೇ ಸಾಕು, ಆ ವಿದ್ಯೆ ಎಷ್ಟು ಬೆಳೆದಿತ್ತೆಂಬುದು ತಿಳಿಯುತ್ತದೆ. ಬಿದಿರನ್ನು ಹೆಣೆದು ಸಗಣಿ ಮಣ್ಣು ಮೆತ್ತಿದ ಕಣಜ, ತೊಂಬೆ; ಮಣ್ಣಿನ ವಾಡೆ, ಗುಡಾಣ; ಹಲಗೆಯ ಪಣತ; ತುಳುನಾಡು ಕಾಸರಗೋಡುಗಳ ಮರದ ಪತ್ತಾಯ; ಕರಾವಳಿಯಲ್ಲಿ ಬೈಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಯ ಮುಡಿ, ಹುಲ್ಲಿನ ಹಗ್ಗವನ್ನು ಸುತ್ತಿ ಸುತ್ತಿ ಎತ್ತರಿಸಿದ ಭತ್ತದ ತಿರಿ. ಒಂದೊಂದು ಸೀಮೆಗೆ ಒಂದೊಂದು. ಮಳೆ ಹೆಚ್ಚಿದ ಕಡೆ ಕಾಳನ್ನು ನೆಲದಿಂದ ಮೇಲೆತ್ತಿದರು. ಮಳೆ ಕಡಿಮೆಯಾದ ಬಯಲುಸೀಮೆಯಲ್ಲಿ ನೆಲದೊಳಗೇ ಇಳಿಸಿದರು. ಹಾಗೆ ಇಳಿಸಿದ ಕುಳಿಯೇ ಹಗೇವು.

ಹಗೇವನ್ನು ಎಲ್ಲಿ ಬೇಕೆಂದರಲ್ಲಿ ತೋಡುವಂತಿಲ್ಲ. ನೀರು ನಿಲ್ಲದ ಎತ್ತರದ ಗಟ್ಟಿ ನೆಲ ಬೇಕು. ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ಆಳಕ್ಕೆ ಅಗೆದು, ಒಳಗೆ ಬೆಂಕಿ ಹಾಕಿ ಪಸೆ ಆರಿಸಿ, ತಳಕ್ಕೂ ಸುತ್ತಲ ಗೋಡೆಗೂ ಒಣಹುಲ್ಲನ್ನು ದಪ್ಪನಾಗಿ ಹೊದಿಸುತ್ತಿದ್ದರು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ರಾಗಿ ಅಥವಾ ಜೋಳವನ್ನು ಅದರೊಳಕ್ಕೆ ತುಂಬಿ, ಮೇಲೆ ಮತ್ತೆ ಹುಲ್ಲು ಹಾಕಿ, ಕಲ್ಲುಚಪ್ಪಡಿ ಮುಚ್ಚಿ ಮಣ್ಣಿನಿಂದ ಮೆತ್ತಿದರೆ ಮುಗಿಯಿತು. ಮೇಲೆ ದನ ಕಟ್ಟಬಹುದು, ಮಕ್ಕಳು ಆಡಬಹುದು. ರಾಗಿ ಇಂತಹ ಕುಳಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಕಾಳು ಉಸಿರಾಡುತ್ತ ಒಳಗಿನ ಗಾಳಿಯ ಪ್ರಾಣವಾಯುವನ್ನೆಲ್ಲ ತೀರಿಸಿಬಿಡುವುದರಿಂದ ಹುಳುಗಳಿಗೆ ಬದುಕಿರುವುದಕ್ಕೆ ಆಗುವುದಿಲ್ಲ ಎಂಬುದು ಇಂದಿನ ವಿಜ್ಞಾನದ ವಿವರಣೆ. ವಿವರಣೆ ತಿಳಿಯದಿದ್ದರೂ ಅದರ ಅಪಾಯ ನಮ್ಮ ರೈತರಿಗೆ ಚೆನ್ನಾಗಿ ತಿಳಿದಿತ್ತು. ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಸಾಕಷ್ಟು ಹೊತ್ತು ಬಾಯಿ ತೆರೆದಿಟ್ಟು, ದೀಪವೊಂದನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯಬೇಕು. ಅವಸರ ಮಾಡಿದವರು ಪ್ರಾಣ ಕಳೆದುಕೊಂಡದ್ದುಂಟು.

ಅರಸರೂ ಈ ವಿದ್ಯೆಯನ್ನು ಬಿಟ್ಟಿರಲಿಲ್ಲ. ಬಾದಾಮಿಯ ಉತ್ತರದ ಕೋಟೆಯನ್ನು ಹತ್ತಿದವರು ಅಲ್ಲಿಯ ದೊಡ್ಡ ಕಣಜಗಳನ್ನು ನೋಡಿಯೇ ಇರುತ್ತಾರೆ. ಚಿತ್ರದುರ್ಗದಲ್ಲಿ ಕಣಜವೂ ಉಂಟು, ಎಣ್ಣೆಯ ಕೊಳವೂ ಉಂಟು. ಮುತ್ತಿಗೆ ಹಾಕಿದ ಶತ್ರುವಿಗಿಂತ ಒಳಗಿನ ಹಸಿವು ದೊಡ್ಡ ಶತ್ರುವೆಂಬುದು ಪಾಳೆಯಗಾರರಿಗೆ ಗೊತ್ತಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹಗೇವು ತುಂಬುತ್ತಿದ್ದುದು ಸುಗ್ಗಿಯಲ್ಲಿ. ಕಣದಲ್ಲಿ ರಾಶಿ ಬಿದ್ದು ಕಾಳಿಗೆ ಬೆಲೆಯೇ ಇಲ್ಲದ ಕಾಲದಲ್ಲಿ. ಅದು ತೆರೆಯುತ್ತಿದ್ದುದು ಕಾಳು ಸಿಕ್ಕದ ಕಾಲದಲ್ಲಿ. ಬೆಲೆ ಇಳಿದಾಗ ಕೊಂಡು ಅಥವಾ ಉಳಿಸಿಕೊಂಡು, ಏರಿದಾಗ ಹೊರಗೆ ತೆಗೆಯುವುದರಿಂದ ಸುಗ್ಗಿಯಲ್ಲಿ ಬೆಲೆ ತೀರ ಕುಸಿಯುವುದಿಲ್ಲ, ಬರದಲ್ಲಿ ತೀರ ಏರುವುದಿಲ್ಲ. ಬೆಲೆ ಏರುತ್ತಿರುವಾಗ ಎಲ್ಲರೂ ಒಟ್ಟಿಗೆ ಅಂಗಡಿಗೆ ನುಗ್ಗಿ ಕೊಂಡಿಡುವುದು ಇದಕ್ಕೆ ನೇರ ವಿರುದ್ಧವಾದ ಕೆಲಸ. ಹೊರಗಿನಿಂದ ನೋಡಿದರೆ ಎರಡೂ ದಾಸ್ತಾನೇ. ಆದರೆ ಒಂದು ಕಿಚ್ಚಿಗೆ ನೀರು, ಇನ್ನೊಂದು ಎಣ್ಣೆ.

ಬಣವೆ ಮತ್ತು ಕಾವಲು

ಜನರ ಹೊಟ್ಟೆಯ ಮಾತಾಡುವಾಗ ದನದ ಹೊಟ್ಟೆಯನ್ನು ಮರೆಯುವುದು ಪಟ್ಟಣವಾಸಿಗಳಾದ ನಮ್ಮ ದೋಷ. ನಮ್ಮ ಹಿರಿಯರು ಮರೆತಿರಲಿಲ್ಲ. ಕಣದ ಪಕ್ಕದಲ್ಲಿಯೇ ಹುಲ್ಲಿನ ಬಣವೆ ಏಳುತ್ತಿತ್ತು. ಮೈಸೂರು ಸೀಮೆಯಲ್ಲಿ ರಾಗಿಯ ಹುಲ್ಲಿನ ಮೆದೆ, ಉತ್ತರದಲ್ಲಿ ಜೋಳದ ಕಣಿಕೆಯ ಬಣವೆ. ಮಳೆಯ ನೀರು ಒಳಕ್ಕೆ ಇಳಿಯದೆ ಜಾರಿಹೋಗುವಂತೆ ತಲೆಯನ್ನು ಇಳಿಜಾರಾಗಿ ಒಟ್ಟುವುದು ಒಂದು ಕೈಗಾರಿಕೆಯೇ ಸರಿ. ಹೆಣ್ಣು ಕೊಡುವವರು ಗಂಡಿನ ಮನೆಯ ಬಣವೆ ನೋಡಿ ಬರುತ್ತಿದ್ದರೆಂದರೆ ಅದು ಬರಿಯ ಹಾಸ್ಯವಲ್ಲ. ಬಣವೆ ದೊಡ್ಡದಾಗಿದ್ದರೆ ಎತ್ತು ಬಲವಾಗಿರುತ್ತದೆ, ಎತ್ತು ಬಲವಾಗಿದ್ದರೆ ಉಳುಮೆ ಸಕಾಲಕ್ಕೆ ಆಗುತ್ತದೆ, ಆ ಮನೆಯಲ್ಲಿ ಕಾಳಿಗೆ ಕೊರತೆಯಿಲ್ಲ ಎಂಬುದು ಅವರ ಲೆಕ್ಕ.

ಮೇವಿನ ದಾಸ್ತಾನನ್ನು ರಾಜ್ಯದ ಮಟ್ಟಕ್ಕೆ ಏರಿಸಿದ ಕೀರ್ತಿ ಮೈಸೂರಿನದು. ಚಿಕ್ಕದೇವರಾಜ ಒಡೆಯರು (೧೬೭೨–೧೭೦೪) ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಅರಮನೆಯ ದನಗಳ ಇಲಾಖೆಯೊಂದನ್ನು ನಡೆಸಿದರು. ಟೀಪೂ ಸುಲ್ತಾನನ ಕಾಲದಲ್ಲಿ ಅದಕ್ಕೆ ಅಮೃತಮಹಲ್ ಎಂಬ ಹೆಸರು ಬಂತು. ಈ ಇಲಾಖೆಯ ಜೀವಾಳವೆಂದರೆ ಕಾವಲುಗಳು, ಎಂದರೆ ಹುಲ್ಲಿಗಾಗಿಯೇ ಕಾದಿಟ್ಟ ವಿಸ್ತಾರವಾದ ಬಯಲುಗಳು. ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಒಂದು, ಬೇಸಗೆಗೆ ಕೆರೆಯ ನೀರು ಹತ್ತಿರವಿರುವ ಮತ್ತೊಂದು. ಒಂದರಲ್ಲಿ ದನ ಮೇಯುತ್ತಿದ್ದಾಗ ಮತ್ತೊಂದರಲ್ಲಿ ಹುಲ್ಲು ಬೆಳೆಯುತ್ತಿತ್ತು. ಹುಲ್ಲನ್ನು ಕೊಯ್ದು ಒಟ್ಟದೆ ನಿಂತ ನೆಲದಲ್ಲಿಯೇ ದಾಸ್ತಾನು ಮಾಡುವ ಉಪಾಯವಿದು. ೧೮೬೦ರಲ್ಲಿ ಬ್ರಿಟಿಷ್ ಸರಕಾರ ಉಳಿತಾಯದ ಹೆಸರಿನಲ್ಲಿ ಈ ಮಂದೆಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ದೊರೆಯದಾಗಲು, ೧೮೬೬ರಲ್ಲಿ ಮತ್ತೆ ಕಟ್ಟಬೇಕಾಯಿತು. ಖರ್ಚಿನ ಪಟ್ಟಿಯಲ್ಲಿ ಕಾಣುವ ಉಳಿತಾಯವೆಲ್ಲ ಉಳಿತಾಯವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಲೆಕ್ಕಶಾಸ್ತ್ರದ ಪುಸ್ತಕಗಳಲ್ಲಿಯೂ ಸಿಕ್ಕುವುದು ಕಷ್ಟ.

ದೆಹಲಿಯ ಸುಲ್ತಾನರ ಉಗ್ರಾಣ

ಇನ್ನು ನಾವಿರುವ ಈ ಊರಿನ ಕಥೆ. ೧೩೩೪ರಲ್ಲಿ ದೆಹಲಿಗೆ ಬಂದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ ನಗರದ ಕೋಟೆಯ ಗೋಡೆಯೊಳಗೇ ಧಾನ್ಯದ ಕೋಣೆಗಳಿದ್ದುದನ್ನು ವರ್ಣಿಸಿದ್ದಾನೆ. ಅಲ್ಲಿಂದ ತೆಗೆದ ಅಕ್ಕಿಯ ಬಣ್ಣ ಕಪ್ಪಾಗಿತ್ತಂತೆ, ರುಚಿ ಮಾತ್ರ ಕೆಟ್ಟಿರಲಿಲ್ಲವಂತೆ. ಅದನ್ನು ತೊಂಬತ್ತು ವರ್ಷಗಳ ಹಿಂದೆ ಬಲ್ಬನ್ ಸುಲ್ತಾನ ತುಂಬಿಸಿದ್ದನೆಂದು ಅವನಿಗೆ ಹೇಳಿದರು. ಬಲ್ಬನ್ ಪಟ್ಟವೇರಿದ್ದು ೧೨೬೬ರಲ್ಲಿಯಾದುದರಿಂದ ತೊಂಬತ್ತೆಂಬ ಎಣಿಕೆ ಸ್ವಲ್ಪ ಉದಾರವಾದುದೇ. ಆದರೂ ಹಳೆಯ ಧಾನ್ಯ ಉಣ್ಣುವಂತಿತ್ತೆಂಬುದನ್ನು ಆತ ಕಣ್ಣಾರೆ ಕಂಡು ಬರೆದಿದ್ದಾನೆ. ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ಕ್ಷಾಮ ಬಂದಾಗ ದೆಹಲಿಯ ಜನಕ್ಕೆಲ್ಲ ಉಗ್ರಾಣದಿಂದ ಆರು ತಿಂಗಳ ಧಾನ್ಯ ಕೊಡಲು ಅಪ್ಪಣೆಯಾಯಿತೆಂದೂ ಹೇಳಿದ್ದಾನೆ.

ಬಲ್ಬನನಿಗೂ ತುಘಲಕನಿಗೂ ನಡುವೆ ಆಳಿದ ಅಲ್ಲಾವುದ್ದೀನ್ ಖಲ್ಜಿ (೧೨೯೬–೧೩೧೬) ದಾಸ್ತಾನಿನ ಇತಿಹಾಸದಲ್ಲಿಯೇ ದೊಡ್ಡ ಹೆಸರು. ದೇವಗಿರಿ, ದ್ವಾರಸಮುದ್ರಗಳ ಮೇಲೆ ಮಲಿಕ್ ಕಾಫೂರನನ್ನು ಕಳುಹಿಸಿದವನು ಇವನೇ. ಮಂಗೋಲರ ದಾಳಿಯನ್ನು ತಡೆಯಲು ದೊಡ್ಡ ಸೈನ್ಯ ಬೇಕಾಗಿತ್ತು. ಅಷ್ಟು ಸೈನಿಕರಿಗೆ ಹೆಚ್ಚು ಸಂಬಳ ಕೊಡಲು ಬೊಕ್ಕಸ ಸಾಲದು. ಸಂಬಳ ಏರಿಸಲಾಗದಿದ್ದರೆ ಬೆಲೆಯನ್ನು ಇಳಿಸಬೇಕು ಎಂಬುದು ಅವನ ತರ್ಕ. ೧೩೫೭ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಜಿಯಾವುದ್ದೀನ್ ಬರನಿ ಆ ಬೆಲೆಗಳನ್ನು ಬರೆದಿಟ್ಟಿದ್ದಾನೆ. ಒಂದು ಮಣ ಗೋಧಿಗೆ ಏಳೂವರೆ ಜಿತಲ್, ಜವೆಗೋಧಿಗೆ ನಾಲ್ಕು, ಅಕ್ಕಿಗೆ ಐದು, ಕಡಲೆಗೆ ಐದು. ಆ ಮಣ ನಮ್ಮ ನಲವತ್ತು ಸೇರಿನ ಮಣಕ್ಕಿಂತ ಬಹಳ ಚಿಕ್ಕದು.

ಬೆಲೆ ಬರೆದು ಅಂಟಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲವೆಂಬುದು ಸುಲ್ತಾನನಿಗೆ ಗೊತ್ತಿತ್ತು. ಆದುದರಿಂದ ಗಂಗಾ ಯಮುನೆಗಳ ನಡುವಣ ದೋಆಬಿನ ಕಂದಾಯವನ್ನು ಧಾನ್ಯದ ರೂಪದಲ್ಲಿಯೇ ವಸೂಲು ಮಾಡಿ ದೆಹಲಿಯ ಉಗ್ರಾಣ ತುಂಬಿಸಿದ. ಧಾನ್ಯ ಸಾಗಿಸುವ ವರ್ತಕರನ್ನು ಕುಟುಂಬಸಹಿತ ಯಮುನೆಯ ದಡದಲ್ಲಿ ನೆಲೆಗೊಳಿಸಿದ. ಮಂಡಿಗೆ ಒಬ್ಬ ಅಧಿಕಾರಿ. ಅವನ ಮೇಲೆ ವರದಿಗಾರ. ಇಬ್ಬರ ಮೇಲೂ ಗೂಢಚಾರ. ಪ್ರತಿದಿನವೂ ಮೂವರಿಂದ ಬೇರೆ ಬೇರೆಯಾಗಿ ಬೆಲೆಯ ವರದಿ ಬರಬೇಕು; ತಾಳೆಯಾಗದಿದ್ದರೆ ಶಿಕ್ಷೆ. ಮಳೆ ತಪ್ಪಿದ ವರ್ಷ ಒಂದೊಂದು ಮೊಹಲ್ಲೆಯ ಅಂಗಡಿಗೂ ಅಲ್ಲಿಯ ಜನಸಂಖ್ಯೆಗೆ ತಕ್ಕಷ್ಟು ಧಾನ್ಯವನ್ನು ದಿನದಿನಕ್ಕೆ ಅಳೆದು ಕೊಡುತ್ತಿದ್ದರು. ಕೊಳ್ಳುವವನಿಗೆ ಒಮ್ಮೆಗೆ ಅರ್ಧ ಮಣದ ಮಿತಿ. ಇಂದಿನ ರೇಷನ್ ಅಂಗಡಿಯ ಮೂಲಪುರುಷನನ್ನು ಹುಡುಕುವವರು ಸೀರಿ ಕೋಟೆಯ ಹಾಳುಗೋಡೆಗಳ ಬಳಿಗೆ ಹೋಗಬಹುದು.

ಆದರೆ ಇದಕ್ಕೆ ಬೆಲೆ ತೆತ್ತವರು ಯಾರು? ದೋಆಬಿನ ರೈತರು. ಬೆಳೆಯ ಅರ್ಧ ಭಾಗ ಕಂದಾಯ. ಉಳಿದುದರಲ್ಲಿ ಮನೆಗೆ ಬೇಕಾದಷ್ಟರ ಹೊರತು ಮಿಕ್ಕಿದ್ದನ್ನು ಹೊಲದಲ್ಲಿಯೇ ನಿಗದಿಯಾದ ದರಕ್ಕೆ ಕೊಟ್ಟುಬಿಡಬೇಕು. ರಾಜಧಾನಿಯ ಉಗ್ರಾಣ ತುಂಬಿದ್ದು ಹಳ್ಳಿಯ ಕುಳಿಗಳನ್ನು ಬರಿದು ಮಾಡಿ. ಸುಲ್ತಾನ ತೀರಿಕೊಂಡ ಮೇಲೆ ಅವನ ಮಗನ ಕಾಲದಲ್ಲಿ ಈ ಏರ್ಪಾಡೆಲ್ಲ ಕುಸಿದುಬಿತ್ತು. ಭಯದ ಮೇಲೆ ನಿಂತ ಬೆಲೆ ಭಯ ಹೋದೊಡನೆ ಏರಿತು.

ನಮ್ಮ ಕಡೆಯ ಒಂದು ಉದಾಹರಣೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಕಲಬುರಗಿಯಲ್ಲಿ ಆಳಿದ ಬಹಮನಿ ಸುಲ್ತಾನ ಎರಡನೆಯ ಮುಹಮ್ಮದನ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ದಖ್ಖನಿನಲ್ಲಿ ಕ್ಷಾಮ ಬಂತು. ಆಗ ಆತ ಹತ್ತು ಸಾವಿರ ಎತ್ತುಗಳನ್ನು ಮಾಳವ, ಗುಜರಾತುಗಳಿಗೆ ನಡೆಸಿ ಧಾನ್ಯ ತರಿಸಿ ಅಗ್ಗದ ಬೆಲೆಗೆ ಹಂಚಿದನೆಂದು ಫೆರಿಷ್ತಾ ಬರೆದಿದ್ದಾನೆ. ಒಬ್ಬನು ಸುತ್ತಲಿನವರದನ್ನು ಬಾಚಿ ತಂದ. ಇನ್ನೊಬ್ಬನು ಹೆಚ್ಚಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಿದ. ಸಾಗಿಸುವುದಕ್ಕೆ ಎತ್ತು ಬೇಕು, ಎತ್ತಿಗೆ ಹುಲ್ಲು ಬೇಕು ಎಂಬುದನ್ನು ಮಾತ್ರ ವಾಚಕರು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಬರಬೇಕು.

ಧಾತು ಈಶ್ವರ

ಹಗೇವಿನ ಶಕ್ತಿಯನ್ನೂ ಅದರ ಮಿತಿಯನ್ನೂ ಒಟ್ಟಿಗೆ ತೋರಿಸಿಕೊಟ್ಟದ್ದು ೧೮೭೬–೭೮ರ ಮಹಾಕ್ಷಾಮ. ಧಾತು ಸಂವತ್ಸರದಲ್ಲಿ ತೊಡಗಿ ಈಶ್ವರ ಸಂವತ್ಸರದಲ್ಲಿಯೂ ಬಿಡದೆ ಕಾಡಿದುದರಿಂದ ಜನ ಅದನ್ನು ಧಾತು ಈಶ್ವರದ ಬರವೆಂದೇ ಕರೆದರು. ಮೈಸೂರು ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ೧೮೭೫ರಲ್ಲಿಯೇ ಬೆಳೆ ಅರೆಬರೆಯಾಗಿತ್ತು. ೧೮೭೬ರಲ್ಲಿ ಪೂರ್ತಿ ಕೈಬಿಟ್ಟಿತು. ೧೮೭೭ರಲ್ಲಿ ಮುಂಗಾರು ಮತ್ತೆ ಹಿಂದುಳಿಯಿತು. ಒಂದು ಬೆಳೆ ತಪ್ಪಿದರೆ ಹಗೇವು ಕಾಯುತ್ತದೆ. ಎರಡು, ಮೂರು ಬೆಳೆ ತಪ್ಪಿದರೆ ಅದು ಬರಿಯ ಕುಳಿ. ಹಗೇವೇ ಇಲ್ಲದ ಕೂಲಿಕಾರರಿಗೆ, ನೇಕಾರರಿಗೆ ಮೊದಲನೆಯ ಬೆಳೆ ತಪ್ಪಿದಾಗಲೇ ಉಪವಾಸ.

೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ೧೮೮೧ರಲ್ಲಿ ೪೧,೮೬,೧೮೮. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾದ ಜನ ಎಂಟು ಲಕ್ಷ ಅರುವತ್ತೊಂಬತ್ತು ಸಾವಿರದಷ್ಟು ಕಡಿಮೆಯಾದರು. ಆರರಲ್ಲಿ ಒಬ್ಬರಿಗಿಂತಲೂ ಹೆಚ್ಚು. ಇದು ಬರಿಯ ಅಂಕಿಯಲ್ಲ. ನಮ್ಮಲ್ಲಿ ಹಳೆಯ ಮೈಸೂರಿನ ಯಾವ ಮನೆತನದವರೇ ಆಗಲಿ, ತಮ್ಮ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಆ ಕಾಲದಲ್ಲಿ ಕಡಿದುಹೋದ ಕೊಂಬೆಗಳು ಕಾಣುತ್ತವೆ.

ಈ ಅನಾಹುತದಲ್ಲಿ ಧಾನ್ಯ ಎಲ್ಲಿಯೂ ಇರಲಿಲ್ಲವೆ? ಇತ್ತು. ೧೮೬೪ರಿಂದಲೇ ಮದರಾಸಿನಿಂದ ಬೆಂಗಳೂರಿಗೆ ರೈಲಿತ್ತು. ಆ ರೈಲಿನಲ್ಲಿ ಧಾನ್ಯ ಬಂದು ಬಿತ್ತು. ಆದರೆ ಬೆಂಗಳೂರಿನಿಂದ ಮುಂದೆ ತುಮಕೂರು, ಚಿತ್ರದುರ್ಗ, ಮೈಸೂರುಗಳಿಗೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿ. ಎತ್ತುಗಳೆಲ್ಲಿ? ಹುಲ್ಲಿಲ್ಲದೆ ದನಕರುಗಳು ಲಕ್ಷಗಟ್ಟಲೆ ಸತ್ತಿದ್ದುವು. ಮನೆಯ ಮಾಡಿನ ಹುಲ್ಲನ್ನು ಕಿತ್ತು ದನಕ್ಕೆ ಹಾಕಿದವರೂ ಅವನ್ನು ಉಳಿಸಿಕೊಳ್ಳಲಾರದೆ ಹೋದರು. ಬಣವೆ ಕರಗಿದಾಗ ಎತ್ತು ಬಿತ್ತು. ಎತ್ತು ಬಿದ್ದಾಗ ಗಾಡಿ ನಿಂತಿತು. ಗಾಡಿ ನಿಂತಾಗ ನಿಲ್ದಾಣದಲ್ಲಿದ್ದ ಧಾನ್ಯ ಹಳ್ಳಿಯ ಬಾಯಿಗೆ ಬರಲಿಲ್ಲ. ಜನರ ಹಸಿವಿನ ಹಿಂದೆ ದನದ ಹಸಿವು ಹೀಗೆ ನಿಂತಿರುತ್ತದೆ. ಮೇಲಾಗಿ, ಧಾನ್ಯ ಬಂದ ಕಡೆಯಲ್ಲಿಯೂ ಅದನ್ನು ಕೊಳ್ಳುವ ಕಾಸು ಕೂಲಿಯವನ ಕೈಯಲ್ಲಿ ಇರಲಿಲ್ಲ. ಪರಿಹಾರದ ಕೆಲಸಕ್ಕೆ ಬಂದವರಿಗೆ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಅಲ್ಪಸ್ವಲ್ಪ ಕಾಸು. ಅದರಲ್ಲಿ ದೇಹ ಕೆಲಸಮಾಡಬೇಕು!

ಈ ದುರಂತದಿಂದ ಹುಟ್ಟಿದುದು ೧೮೮೦ರ ಕ್ಷಾಮ ಆಯೋಗದ ವರದಿ, ಅದರ ಮೇಲೆ ಕ್ಷಾಮ ಸಂಹಿತೆ. ಕ್ಷಾಮದ ಕೆಲಸವಾಗಿ ಆರಂಭವಾದ ಬೆಂಗಳೂರು–ಮೈಸೂರು ರೈಲುದಾರಿ ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ದಾರಿಯಲ್ಲಿ ಕಿಟಕಿಯಿಂದ ಹೊರಗೆ ನೋಡುವ ನಮ್ಮಲ್ಲಿ ಎಷ್ಟು ಜನಕ್ಕೆ ಆ ದಿಬ್ಬದ ಮಣ್ಣನ್ನು ಹೊತ್ತವರ ನೆನಪಾಗುತ್ತದೆ?

ರೇಷನ್ ಚೀಟಿಯ ಕಾಲ

ಎರಡನೆಯ ಮಹಾಯುದ್ಧದಲ್ಲಿ, ೧೯೪೨ರಲ್ಲಿ, ಬರ್ಮಾ ಕೈಬಿಟ್ಟಿತು. ಅಲ್ಲಿಯ ಅಕ್ಕಿ ನಿಂತಿತು. ೧೯೪೩ರಲ್ಲಿ ಬಂಗಾಳದಲ್ಲಿ ಸುಮಾರು ಮೂವತ್ತು ಲಕ್ಷ ಜನ ಸತ್ತರು. ಆ ವರ್ಷ ಅಲ್ಲಿ ಧಾನ್ಯ ಅಷ್ಟೊಂದು ಕಡಿಮೆಯಾಗಿರಲಿಲ್ಲ, ಬೆಲೆ ಏರುತ್ತದೆಂಬ ನಂಬಿಕೆಯಿಂದ ಬಚ್ಚಿಟ್ಟವರೂ ಬಡವರ ಕೈಯಲ್ಲಿ ಕಾಸಿಲ್ಲದಿದ್ದುದೂ ಸೇರಿ ಕ್ಷಾಮ ಮಾಡಿದುವು ಎಂದು ಅಮರ್ತ್ಯ ಸೇನ್ ೧೯೮೧ರಲ್ಲಿ ವಾದಿಸಿದರು. ರೇಷನ್ ಪದ್ಧತಿ ದೇಶದ ನಗರಗಳಲ್ಲೆಲ್ಲ ಹಬ್ಬಿದ್ದು ಆ ಕಾಲದಲ್ಲಿ. ೧೯೫೪ರಲ್ಲಿ ರಫಿ ಅಹಮದ್ ಕಿದ್ವಾಯಿಯವರು ನಿಯಂತ್ರಣವನ್ನು ತೆಗೆದರು. ೧೯೫೫ರಲ್ಲಿ ಅವಶ್ಯಕ ವಸ್ತುಗಳ ಕಾಯಿದೆ ಬಂತು. ೧೯೫೭ರಲ್ಲಿ ಮತ್ತೆ ವಲಯಗಳು ಹುಟ್ಟಿದುವು. ಮೈಸೂರು, ಮದರಾಸು, ಆಂಧ್ರ, ಕೇರಳಗಳು ಸೇರಿ ಒಂದು ಅಕ್ಕಿಯ ವಲಯ. ಪಂಜಾಬು, ದೆಹಲಿ, ಹಿಮಾಚಲಗಳು ಒಂದು ಗೋಧಿಯ ವಲಯ. ಕೇಂದ್ರ ಸರಕಾರದ ಕಚೇರಿಗಳಲ್ಲಿ ಕೆಲಸ ಹಿಡಿದು ಬಂದ ಅನ್ನದ ಜನ ಗೋಧಿಯ ವಲಯದಲ್ಲಿ ಬಿದ್ದರು. ದೆಹಲಿಯ ಕನ್ನಡ ಮನೆಗಳಲ್ಲಿ ರಾತ್ರಿ ಚಪಾತಿ ನೆಲೆಯಾದುದು ನೆರೆಯವರನ್ನು ನೋಡಿ ಕಲಿತದ್ದರಿಂದ ಮಾತ್ರವಲ್ಲ.

ಬ್ಯಾಂಕಿನ ಲೆಡ್ಜರು ಬರೆಯುವ ನಮ್ಮಂಥವರಿಗೆ ಆ ಕಾಲದ ಇನ್ನೊಂದು ತಾರೀಖು ಮುಖ್ಯವಾದುದು: ೧೭ ಮೇ ೧೯೫೬. ಅಂದು ರಿಜರ್ವ್ ಬ್ಯಾಂಕು ಭತ್ತ ಮತ್ತು ಅಕ್ಕಿಯ ಮೇಲೆ ಬ್ಯಾಂಕುಗಳು ಕೊಡುವ ಸಾಲಕ್ಕೆ ಮಿತಿ ಹಾಕಿತು. ವರ್ತಕನು ಧಾನ್ಯವನ್ನು ಗೋದಾಮಿನಲ್ಲಿಟ್ಟು, ಅದನ್ನೇ ಒತ್ತೆಯಿಟ್ಟು ಸಾಲ ಪಡೆದು, ಆ ಹಣದಿಂದ ಮತ್ತಷ್ಟು ಧಾನ್ಯ ಕೊಂಡು, ಬೆಲೆ ಏರುವವರೆಗೆ ಬಾಗಿಲು ಹಾಕಿ ಕುಳಿತುಕೊಳ್ಳಬಹುದು. ದಾಸ್ತಾನು ಅವನದು, ದುಡ್ಡು ಠೇವಣಿದಾರರದು. ಎಂದರೆ ಏರಿದ ಬೆಲೆಗೆ ಅಕ್ಕಿ ಕೊಳ್ಳುವ ಗೃಹಸ್ಥರದೇ. ಈ ಚಕ್ರಕ್ಕೆ ಕಡಿವಾಣವೇ ಆ ಆಜ್ಞೆ. ಅದೇ ಸಮಯದಲ್ಲಿ ರೈತನ ದಾಸ್ತಾನಿಗೆ ಬೆಂಬಲವಾಗಿ ೧೯೫೬ರ ಕಾಯಿದೆಯ ಮೇರೆಗೆ ಉಗ್ರಾಣ ನಿಗಮಗಳು ಹುಟ್ಟಿದುವು. ರೈತ ಸುಗ್ಗಿಯಲ್ಲಿಯೇ ಮಾರಿಬಿಡದೆ ಕಾಳನ್ನು ಉಗ್ರಾಣದಲ್ಲಿಟ್ಟು, ಅಲ್ಲಿಯ ರಸೀದಿಯ ಮೇಲೆ ಸಾಲ ಪಡೆದು, ನಾಲ್ಕು ತಿಂಗಳು ತಡೆಯಬಹುದು. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊತ್ತಮೊದಲ ಕೃಷಿ ಸಹಕಾರಿ ಸಂಘವನ್ನು ಕಟ್ಟಿದರು. ರೈತ ಸಾಲಗಾರನ ಹಿಡಿತಕ್ಕೆ ಸಿಕ್ಕದಿರಲೆಂಬ ಆಶಯ ಎರಡಕ್ಕೂ ಒಂದೇ. ಒಂದು ಕೈಯಿಂದ ವರ್ತಕನ ದಾಸ್ತಾನಿನ ಸಾಲಕ್ಕೆ ಮಿತಿ, ಇನ್ನೊಂದು ಕೈಯಿಂದ ರೈತನ ದಾಸ್ತಾನಿಗೆ ಸಾಲ. ವಿರೋಧವೆಂದು ಕಂಡರೂ ಇದು ವಿರೋಧವಲ್ಲ. ದಾಸ್ತಾನು ಯಾರದು, ಯಾವಾಗ ತುಂಬಿತು, ಯಾವಾಗ ತೆರೆಯುತ್ತದೆ ಎಂಬ ಮೂರು ಪ್ರಶ್ನೆಗಳೇ ಮುಖ್ಯ.

೧೯೬೪–೬೫ರಲ್ಲಿ ೮ ಕೋಟಿ ೯೦ ಲಕ್ಷ ಟನ್ ಇದ್ದ ದೇಶದ ಆಹಾರಧಾನ್ಯದ ಬೆಳೆ ಮರುವರ್ಷ ೭ ಕೋಟಿ ೨೦ ಲಕ್ಷಕ್ಕೆ ಇಳಿಯಿತು. ಅಮೆರಿಕದ ಹಡಗುಗಳ ಗೋಧಿಯ ಮೇಲೆ ದೇಶ ದಿನ ನೂಕಿತು. ಸೋಮವಾರ ರಾತ್ರಿಯ ಊಟ ಬಿಡಬೇಕೆಂದು ಲಾಲ್ ಬಹಾದುರ್ ಶಾಸ್ತ್ರಿಯವರು ಕೇಳಿಕೊಂಡರು. ಭಾರತ ಆಹಾರ ನಿಗಮವು ೧೯೬೫ರ ಜನವರಿಯಲ್ಲಿ ಹುಟ್ಟಿತು. ದೆಹಲಿಯಲ್ಲಿ ಸರಕಾರಿ ನೌಕರರಿಗಾಗಿ ೧೯೬೩ರಲ್ಲಿ ಕೇಂದ್ರೀಯ ಭಂಡಾರ, ೧೯೬೬ರಲ್ಲಿ ಕನಾಟ್ ಪ್ಲೇಸಿನಲ್ಲಿ ಸೂಪರ್ ಬಜಾರ್ ತೆರೆದುವು. ಎರಡನೆಯದು ಆಮೇಲೆ ಮುಚ್ಚಿಹೋಯಿತು. ಮೊದಲನೆಯದು ಈಗಲೂ ಉಂಟು.

ಇದೇ ಸುತ್ತಿನಲ್ಲಿ ಹಾಪುರದ ಹೆಸರನ್ನು ಹೇಳದಿದ್ದರೆ ತಪ್ಪಾದೀತು. ದೆಹಲಿಯ ಪೂರ್ವಕ್ಕಿರುವ ಆ ಮಂಡಿಯ ಊರಿನಲ್ಲಿ ವರ್ತಕರು ಗೋಧಿಯನ್ನು ನೆಲದೊಳಗಿನ ಕುಳಿಗಳಲ್ಲಿ ತುಂಬಿಡುತ್ತಿದ್ದರು. ಅದಕ್ಕೆ ಅಲ್ಲಿಯ ಹೆಸರು ಖತ್ತಿ. ವ್ಯಾಪಾರವೂ ಖತ್ತಿಯ ಲೆಕ್ಕದಲ್ಲಿ ನಡೆಯುತ್ತಿತ್ತು. ನಮ್ಮ ಹಗೇವಿನ ಅಣ್ಣತಮ್ಮನೇ ಅದು! ಅದೇ ಹಾಪುರದಲ್ಲಿ ಸ್ವಾತಂತ್ರ್ಯಾನಂತರ ಕಾಂಕ್ರೀಟಿನ ಎತ್ತರದ ಸೈಲೋ ಎದ್ದಿತು, ಧಾನ್ಯ ಸಂಗ್ರಹಣೆಯ ಸಂಶೋಧನಾ ಸಂಸ್ಥೆ ಬಂತು. ದೆಹಲಿಯ ಪೂಸಾ ಸಂಸ್ಥೆಯವರು ಹಸಿ ಇಟ್ಟಿಗೆಯ ಎರಡು ಗೋಡೆಗಳ ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸಿ ರೈತರಿಗಾಗಿ ‘ಪೂಸಾ ಬಿನ್’ ಎಂಬ ಕಣಜವನ್ನು ಮಾಡಿದರು. ಹಳೆಯ ವಿದ್ಯೆಗೆ ಹೊಸ ಅಂಗಿ.

ನಮ್ಮ ಕಾಲ

೨೦೨೦ರ ಮಾರ್ಚ್ ೨೪ರ ರಾತ್ರಿ ಪ್ರಧಾನಿಯವರು ಲಾಕ್‌ಡೌನ್ ಸಾರಿದ ಗಳಿಗೆಯಲ್ಲಿಯೇ ದೆಹಲಿಯ ಕಿರಾಣಿ ಅಂಗಡಿಗಳ ಮುಂದೆ ಜನ ಸಾಲುಗಟ್ಟಿದರು. ನಮ್ಮಂಥ ತಿಂಗಳ ಸಂಬಳದವರು ಹಿಟ್ಟು, ಅಕ್ಕಿ, ಬೇಳೆಗಳನ್ನು ಎರಡು ತಿಂಗಳಿಗಾಗುವಷ್ಟು ಹೊತ್ತು ತಂದರು. ನಾಲ್ಕೇ ದಿನಗಳಲ್ಲಿ ದಿನಗೂಲಿಯ ಜನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಆನಂದ ವಿಹಾರದ ಬಸ್ಸುನಿಲ್ದಾಣದ ಕಡೆಗೆ ನಡೆದರು. ಧಾತು ಈಶ್ವರದ ಪಾಠ ಅದೇ: ಹಗೇವು ಇದ್ದವನು ಕಾಯುತ್ತಾನೆ, ಇಲ್ಲದವನು ನಡೆಯುತ್ತಾನೆ. ವ್ಯತ್ಯಾಸವೆಂದರೆ ಈ ಬಾರಿ ಉಗ್ರಾಣಗಳಲ್ಲಿ ಕೋಟಿಗಟ್ಟಲೆ ಟನ್ ಧಾನ್ಯವಿತ್ತು. ಏಪ್ರಿಲಿನಿಂದ ರೇಷನ್ ಚೀಟಿಯಿದ್ದ ಬಡವರಿಗೆ ತಲೆಗೆ ಐದು ಕಿಲೋ ಉಚಿತವಾಗಿ ಸಿಕ್ಕಿತು. ಚೀಟಿ ಊರಿನಲ್ಲಿ ಬಿಟ್ಟು ಬಂದವರ ಪಾಡು ಬೇರೆ. ದೇಶದ ದೊಡ್ಡ ಹಗೇವು ಇದ್ದುದರಿಂದ ೧೮೭೭ ಮರುಕಳಿಸಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

೨೦೨೨ರ ಮಾರ್ಚ್, ಏಪ್ರಿಲ್ ತಿಂಗಳುಗಳ ಬಿಸಿಗಾಳಿಯಲ್ಲಿ ಗೋಧಿಯ ತೆನೆ ಒಣಗಿತು. ಮೇ ೧೩ರಂದು ಗೋಧಿಯ ರಫ್ತು ನಿಂತಿತು. ಹೆಚ್ಚು ಜನರ ಕಣ್ಣಿಗೆ ಬೀಳದ ಸಂಗತಿಯೆಂದರೆ ಭೂಸಾ, ಎಂದರೆ ಗೋಧಿಯ ಹೊಟ್ಟುಹುಲ್ಲಿನ ಬೆಲೆ ಕಾಳಿಗಿಂತ ವೇಗವಾಗಿ ಏರಿತು. ಹರಿಯಾಣದ ಕೆಲವು ಜಿಲ್ಲೆಗಳಲ್ಲಿ ಭೂಸಾ ಹೊರಗೆ ಹೋಗದಂತೆ ನಿಷೇಧ ಹಾಕಿದರು. ಸುಗ್ಗಿಯಲ್ಲಿಯೇ ವರ್ಷದ ಹುಲ್ಲು ತುಂಬಿಟ್ಟ ರೈತ ಉಳಿದ. ದಿನದಿನಕ್ಕೆ ಕೊಳ್ಳುವ ಸಣ್ಣ ಹೈನುಗಾರ ಎಮ್ಮೆ ಮಾರಿದ. ಎಮ್ಮೆ ನಮ್ಮ ಮನೆಯಲ್ಲಿ ಇಲ್ಲವಲ್ಲ ಎಂದು ನಾವು ಸುಮ್ಮನಿರುವಂತಿಲ್ಲ. ೨೦೨೪ರ ನವೆಂಬರಿನಲ್ಲಿ ನಮ್ಮ ನಂದಿನಿ ಹಾಲು ಮಂಡ್ಯದಿಂದ ದೆಹಲಿಗೆ ಬಂತು, ನಾವೆಲ್ಲ ಹೆಮ್ಮೆಪಟ್ಟೆವು. ೨೦೨೫ರ ಏಪ್ರಿಲ್ ೧ರಿಂದ ಕರ್ನಾಟಕದಲ್ಲಿ ಅದರ ಬೆಲೆ ಲೀಟರಿಗೆ ನಾಲ್ಕು ರೂಪಾಯಿ ಏರಿದಾಗ ಉತ್ಪಾದನೆಯ ವೆಚ್ಚ ಏರಿತೆಂಬುದೂ ಒಂದು ಕಾರಣವಾಗಿತ್ತು. ಆ ವೆಚ್ಚದಲ್ಲಿ ಹಿಂಡಿ, ಬೂಸ, ಹುಲ್ಲುಗಳದೇ ದೊಡ್ಡ ಪಾಲು.

ಹಾಗಾದರೆ ನಾವು ಕೂಡಿಡಬೇಕೆ, ಬೇಡವೆ? ಇಲ್ಲಿಯ ಪಂಜಾಬಿ, ಹರಿಯಾಣದ ನೆರೆಯವರನ್ನು ನೋಡಿ ಕಲಿಯಬಹುದು. ಬೈಸಾಖಿ ಕಳೆದು ಹೊಸ ಗೋಧಿ ಬಂದೊಡನೆ ಅವರು ವರ್ಷದ ಗೋಧಿ ಕೊಂಡು, ಬಿಸಿಲಿಗೆ ಹರಡಿ, ತಗಡಿನ ಟಂಕಿಯಲ್ಲಿ ತುಂಬಿ, ತಿಂಗಳಿಗೆ ಬೇಕಾದಷ್ಟನ್ನು ಚಕ್ಕಿಗೆ ಒಯ್ಯುತ್ತಾರೆ. ಅವರು ಕೊಳ್ಳುವುದು ಸುಗ್ಗಿಯಲ್ಲಿ, ಹೆದರಿಕೆಯಲ್ಲಿ ಅಲ್ಲ. ನಮ್ಮ ಮನೆಗಳಲ್ಲಿಯೂ ರಾಗಿ, ತೊಗರಿ, ಅಕ್ಕಿಗಳಿಗೆ ಅವವುಗಳ ಸುಗ್ಗಿ ಉಂಟು. ಹಿಟ್ಟಿಗಿಂತ ಕಾಳು ಹೆಚ್ಚು ಕಾಲ ಬಾಳುತ್ತದೆ. ಎಣ್ಣೆ, ಕಡಲೆಕಾಯಿ ಬೀಜಗಳು ಬೇಗ ಕಮಟುತ್ತವೆ. ಲೆಕ್ಕವನ್ನೂ ಹಾಕಿ ನೋಡಬೇಕು. ಹತ್ತು ಸಾವಿರ ರೂಪಾಯಿನ ಕಾಳನ್ನು ಆರು ತಿಂಗಳು ಇಟ್ಟರೆ, ವರ್ಷಕ್ಕೆ ಶೇಕಡಾ ೬ರ ಬಡ್ಡಿಯಂತೆ ಮುನ್ನೂರು ರೂಪಾಯಿ ಕಳೆದಂತೆ. ಹುಳು, ಧೂಳುಗಳಿಗೆ ಶೇಕಡಾ ೩ ಹೋದರೆ ಇನ್ನೊಂದು ಮುನ್ನೂರು. ಬೆಲೆ ಶೇಕಡಾ ೬ಕ್ಕಿಂತ ಹೆಚ್ಚಾಗಿ ಏರಿದರೆ ಮಾತ್ರ ಲಾಭ. ದೆಹಲಿಯ ಮಳೆಗಾಲದ ತೇವದಲ್ಲಿ ಒಣಗಿಸದೆ ಇಟ್ಟ ಮೂಟೆಗೆ ಶೇಕಡಾ ೩ರಲ್ಲಿ ನಷ್ಟ ನಿಲ್ಲುವುದಿಲ್ಲ. ಬೆಲೆ ಏರಿದ ಮೇಲೆ ಗಾಬರಿಯಿಂದ ಕೊಂಡವನಿಗೆ ಲಾಭವಿಲ್ಲ. ಅವನು ಏರಿಸಿದ ಬೆಲೆಯನ್ನು ಕೊಳ್ಳುವವನು ಅವನ ಮನೆಗೆಲಸದವಳು.

ಆದುದರಿಂದ ನಮ್ಮ ನಿರ್ಣಯ ಇಷ್ಟು. ಸುಗ್ಗಿಯಲ್ಲಿ, ಸಂಸಾರಕ್ಕೆ ಸಾಲುವಷ್ಟು, ಒಣಗಿಸಿ ಇಟ್ಟರೆ ಅದು ಹಗೇವು. ಕೊರತೆಯಲ್ಲಿ, ಸಂಸಾರಕ್ಕೆ ಮೀರಿ, ಬಚ್ಚಿಟ್ಟರೆ ಅದು ಕಳ್ಳದಾಸ್ತಾನು. ಮೂಟೆ ಒಂದೇ ಆದರೂ ಸರಿ. ಒಂದೊಂದು ಬಡಾವಣೆಯ ಹತ್ತಾರು ಕನ್ನಡ ಮನೆಗಳು ಸೇರಿ ಹೊಸ ಬೆಳೆ ಬಂದಾಗ ರಾಗಿ, ಸೋನಾಮಸೂರಿಗಳನ್ನು ಊರಿನ ರೈತರ ಸಂಘಗಳಿಂದ ನೇರವಾಗಿ ತರಿಸಿಕೊಂಡರೆ ರೈತನಿಗೆ ಸುಗ್ಗಿಯಲ್ಲಿ ಬೆಲೆ, ನಮಗೆ ಬೇಸಗೆಯಲ್ಲಿ ನೆಮ್ಮದಿ. ಕನ್ನಡ ಸಂಘಗಳು ನಾಟಕ, ಸಂಗೀತಗಳ ಜೊತೆಗೆ ಇಂತಹ ಕೆಲಸಕ್ಕೂ ಕೈಹಾಕಬಾರದೇಕೆ? ಅಲ್ಲಾವುದ್ದೀನನ ಉಗ್ರಾಣ ಭಯದಿಂದ ತುಂಬಿತು, ಅವನೊಂದಿಗೆ ಮುಗಿಯಿತು. ನಮ್ಮ ಅಜ್ಜಂದಿರ ಹಗೇವು ವಿವೇಕದಿಂದ ತುಂಬಿತು. ಅದು ಬರಿದಾದುದು ಅದರಲ್ಲಿ ಪಾಲಿಲ್ಲದವರು ಊರಿನಲ್ಲಿ ಬಹಳವಾಗಿದ್ದಾಗ. ಕನ್ನಡ ತಾಯಿಯ ಹೆಸರಿನಲ್ಲಿ ದೂರದ ನಾಡಿನಲ್ಲಿ ಒಂದುಗೂಡಿರುವ ನಾವು ಕೂಡಿಡುವುದನ್ನೂ ಕೂಡಿ ಉಣ್ಣುವುದನ್ನೂ ಒಟ್ಟಿಗೆ ಕಲಿತೆವಾದರೆ ಈ ಉತ್ಸವ ಸಾರ್ಥಕವಾದೀತು.